ರಶೀದಿ ಪುಸ್ತಕ ಅಚ್ಚಾಗುವ ಮುನ್ನ

ಕಾಸರಗೋಡಿನ ಅನುದಾನಿತ ಕನ್ನಡ ಶಾಲೆಗಳಲ್ಲಿ ಹಲವು ಶತಮಾನವನ್ನು ಪೂರೈಸಿವೆ. ಅಧ್ಯಾಪಕರ ವೇತನವನ್ನು ಕೇರಳ ಸರಕಾರವು ಭರಿಸುತ್ತದೆ. ಕಟ್ಟಡದ ಹೊಣೆ ವ್ಯವಸ್ಥಾಪಕರದು. ಹಂಚಿನ ಮಾಡು ಸೋರತೊಡಗಿದಾಗ ಸಭೆ ಸೇರುತ್ತದೆ, ಸಮಿತಿ ರಚನೆಯಾಗುತ್ತದೆ, ವಿಜ್ಞಾಪನಾ ಪತ್ರವೂ ಅಚ್ಚಾಗುತ್ತದೆ. ಎಷ್ಟು ಹಣ ಬೇಕೆಂಬುದನ್ನು ಇಂಜಿನಿಯರರು ಹೇಳುತ್ತಾರೆ; ಅಷ್ಟನ್ನು ಕೊಡುವವರಿದ್ದಾರೆಯೇ ಎಂದು ವಿಚಾರಿಸುವವರು ವಿರಳ. ಅಡಿಪಾಯಕ್ಕೇ ಹಣ ಮುಗಿದರೆ ಕಂಬಗಳು ಮಳೆಗೆ ನೆನೆಯುತ್ತ ನಿಲ್ಲುತ್ತವೆ. ಕೊಟ್ಟವರ ವಿಶ್ವಾಸವೂ ಕರಗುತ್ತದೆ.

ಕೇಳುವ ಮೊದಲೇ ಅರಿಯುವ ಈ ಕ್ರಮಕ್ಕೆ ಸಾಧ್ಯತಾ ಅಧ್ಯಯನವೆಂದು ಹೆಸರು. ಯೋಜನೆಯ ಉದ್ದೇಶ ಹಾಗೂ ಅಂದಾಜು ವೆಚ್ಚವನ್ನು ತಿಳಿಸುವ ಕಿರು ಕರಡಿನೊಡನೆ, ಸಮಿತಿಗೆ ಸೇರದ ಒಬ್ಬರು ಮೂವತ್ತು ನಲವತ್ತು ಮಂದಿಯನ್ನು ಪ್ರತ್ಯೇಕವಾಗಿ ಕಾಣುತ್ತಾರೆ. ಹಳೆ ವಿದ್ಯಾರ್ಥಿಗಳು, ಮುಂಬಯಿಯ ಉದ್ಯಮಿಗಳು, ಊರ ಹಿರಿಯರು, ಈಗಿನ ಮಕ್ಕಳ ಹೆತ್ತವರು ಇವರಲ್ಲಿರಬೇಕು. ಆಗ ಹಣ ಕೇಳುವಂತಿಲ್ಲ. ಯೋಜನೆ ಅಗತ್ಯವೆನಿಸುತ್ತದೆಯೇ, ನಡೆಸುವವರಲ್ಲಿ ನಂಬಿಕೆಯಿದೆಯೇ, ಮುಂದೆ ಕೇಳಿದರೆ ಎಷ್ಟರ ಮಟ್ಟಿಗೆ ನೆರವಾಗಬಹುದು ಎಂಬಿಷ್ಟೇ ಪ್ರಶ್ನೆ. ಯಾರು ಏನೆಂದರೆಂಬುದು ಸಮಿತಿಗೆ ತಿಳಿಯದು. ಸಾರಾಂಶ ಮಾತ್ರ ಸಲ್ಲುತ್ತದೆ. ಸಭೆಯಲ್ಲಿ ‘ನೋಡುವ’ ಎಂದು ನಕ್ಕವರೂ ಇಲ್ಲಿ ಮನದ ಮಾತನ್ನಾಡುತ್ತಾರೆ.

ದೇಣಿಗೆ ಸಮಪಾಲಿನ ಲೆಕ್ಕವಲ್ಲ. 50 ಲಕ್ಷ ರೂಪಾಯಿಗೆ ಸಾವಿರ ಮಂದಿ ತಲಾ 5,000 ಎಂದು ಭಾಗಿಸುವುದು ಸುಲಭ. ಆದರೆ ಇಂಥ ಅಭಿಯಾನಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕೂ ಹೆಚ್ಚು ಹಣ ಕೆಲವೇ ದಾನಿಗಳಿಂದ ಬರುತ್ತದೆ. ಐದಾರು ಲಕ್ಷ ಕೊಡಬಲ್ಲ ಒಬ್ಬರೂ ಕಾಣದಿದ್ದರೆ ಗುರಿಯನ್ನೇ ತಗ್ಗಿಸುವುದು ವಿವೇಕ.

ಹಣದ ದಾರಿಯನ್ನೂ ಮೊದಲೇ ಅರಿತಿರಬೇಕು. ಗಲ್ಫಿನಲ್ಲಿ ದುಡಿಯುವ ಭಾರತೀಯ ಪೌರರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ದೇಣಿಗೆಯನ್ನು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯು ವಿದೇಶಿ ದೇಣಿಗೆಯೆಂದು ಎಣಿಸುವುದಿಲ್ಲ. ಅನ್ಯದೇಶದ ಪೌರತ್ವ ಪಡೆದವರಿಂದ ಸ್ವೀಕರಿಸಲು ಸಂಸ್ಥೆಗೆ ಆ ಕಾಯಿದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಅವಶ್ಯ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಗೆ ಉತ್ತರ ಹೆತ್ತವರಲ್ಲಿದೆ: ಹತ್ತು ವರ್ಷಗಳ ಬಳಿಕ ಈ ಕೊಠಡಿಗಳಲ್ಲಿ ಕನ್ನಡ ಕಲಿಯುವ ಮಕ್ಕಳಿರುವರೇ? ಆ ಉತ್ತರ ಕಹಿಯಾಗಿದ್ದರೂ ಕೇಳಿಸಿಕೊಳ್ಳಬೇಕು. ಆರು ಕೊಠಡಿಗಳ ಬದಲು ಎರಡು ಭದ್ರ ಕೊಠಡಿಗಳೂ ಮಕ್ಕಳನ್ನು ಕರೆತರುವ ಒಂದು ವಾಹನವೂ ಸಾಕೆಂದು ಅದು ತಿಳಿಸಬಹುದು. ಅಡಿಗಲ್ಲಿಡುವ ಮೊದಲೇ ಅಷ್ಟು ತಿಳಿದರೆ ಶಾಲೆಯೂ ಉಳಿದೀತು, ದಾನಿಯ ಗೌರವವೂ ಉಳಿದೀತು.