ಮಕ್ಕಳ ಕಣ್ಣು, ಹಿರಿಯರ ಕಣ್ಣು: ತಡಮಾಡಬಾರದ್ದು ಯಾವುದು?

ಪ್ರಾತಃಕಾಲ ಅಂಗೈಯಲ್ಲಿ ಇಷ್ಟಲಿಂಗವನ್ನು ಇರಿಸಿಕೊಂಡು ಪೂಜೆಗೆ ಕುಳಿತ ಹಿರಿಯರೊಬ್ಬರು, ಲಿಂಗದ ಅಂಚು ಮಸುಕಾಗಿ ಕಾಣುತ್ತಿದೆಯೆಂದು ಕೈಯನ್ನು ತುಸು ದೂರಕ್ಕೆ ಒಯ್ಯುತ್ತಾರೆ. ಅದೇ ಮನೆಯ ಮೊಮ್ಮಗ ಶಾಲೆಯಲ್ಲಿ ಕಪ್ಪುಹಲಗೆಯ ಮೇಲಿನ ಲೆಕ್ಕವನ್ನು ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತಾನೆ. ಇಬ್ಬರೂ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಹಿರಿಯರು ‘ವಯಸ್ಸಾಯಿತು, ಇನ್ನೇನು’ ಎಂದು ಸುಮ್ಮನಾಗುತ್ತಾರೆ. ಮಗುವಾದರೋ, ಲೋಕವು ಎಲ್ಲರಿಗೂ ಹೀಗೆಯೇ ಕಾಣುತ್ತದೆ ಎಂದು ಭಾವಿಸಿರುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ನಮ್ಮ ಭಕ್ತರ ಮನೆಗಳಲ್ಲಿ ಇಂತಹ ಎರಡು ಜೊತೆ ಕಣ್ಣುಗಳು ಇಲ್ಲದ ಮನೆ ವಿರಳ. ಹೇಳಲು ಅರಿಯದ ಮಗು, ಹೇಳಲು ಒಲ್ಲದ ಹಿರಿಯರು: ಇವರಿಬ್ಬರ ಕಣ್ಣುಗಳನ್ನು ನಡುವಯಸ್ಸಿನವರೇ ಗಮನಿಸಬೇಕು. ಕಳೆದುಹೋದ ದೃಷ್ಟಿಗಳಲ್ಲಿ ಕೆಲವು ಮರಳಿ ಬರುತ್ತವೆ, ಕೆಲವು ಎಂದಿಗೂ ಬರುವುದಿಲ್ಲ. ಯಾವುದು ಯಾವ ಬಗೆಯದೆಂದು ತಿಳಿದಿದ್ದರೆ ಎಲ್ಲಿ ಅವಸರ ಮಾಡಬೇಕೆಂಬುದೂ ತಿಳಿಯುತ್ತದೆ.

ಮಗುವಿನ ಕಣ್ಣು ಬೆಳೆಯುವ ಕಣ್ಣು

ಹುಟ್ಟಿದ ಶಿಶುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಇರುತ್ತದೆ; ಬೆಳೆದವರಲ್ಲಿ ಸುಮಾರು 24 ಮಿಲಿಮೀಟರ್. ಈ ಬೆಳವಣಿಗೆ ಮಿತಿ ಮೀರಿ ಕಣ್ಣು ಉದ್ದವಾದರೆ ದೂರದ ವಸ್ತುವಿನ ಬಿಂಬ ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಬಿದ್ದು ಮಸುಕಾಗುತ್ತದೆ. ಇದೇ ಸಮೀಪದೃಷ್ಟಿ ದೋಷ. ಕಣ್ಣು ಚಿಕ್ಕದಾಗಿ ಉಳಿದರೆ ದೂರದೃಷ್ಟಿ ದೋಷ. ಎರಡಕ್ಕೂ ತಕ್ಕ ಕನ್ನಡಕವೇ ಪರಿಹಾರ. ‘ಈಗಲೇ ಕನ್ನಡಕ ಹಾಕಿದರೆ ನಂಬರು ಏರುತ್ತದೆ’ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಂಬರು ಏರುವುದು ಕಣ್ಣು ಬೆಳೆಯುವುದರಿಂದಲೇ ಹೊರತು ಕನ್ನಡಕದಿಂದಲ್ಲ. ಹೆಣ್ಣುಮಗುವಿಗೆ ಕನ್ನಡಕ ಹಾಕಿಸಿದರೆ ಮುಂದೆ ಸಂಬಂಧ ಕೂಡಿಬರುವುದು ಕಷ್ಟವೆಂಬ ಹಿಂಜರಿಕೆಯೂ ಉಂಟು. ಅದಕ್ಕಾಗಿ ಮಗುವಿನ ಓದನ್ನೂ ಕಣ್ಣನ್ನೂ ಕೆಡಿಸುವುದು ನ್ಯಾಯವಲ್ಲ.

ಇದಕ್ಕಿಂತ ಗಂಭೀರವಾದುದು ‘ಸೋಮಾರಿ ಕಣ್ಣು’. ವಾಸ್ತವದಲ್ಲಿ ನೋಡುವ ಕೆಲಸವನ್ನು ಕಲಿಯುವುದು ಮಿದುಳು. ಹುಟ್ಟಿನಿಂದ ಏಳೆಂಟು ವರ್ಷಗಳವರೆಗೆ ಈ ಕಲಿಕೆ ನಡೆಯುತ್ತದೆ. ಒಂದು ಕಣ್ಣಿನಿಂದ ಸ್ಪಷ್ಟ ಬಿಂಬ, ಇನ್ನೊಂದರಿಂದ ಮಸುಕು ಬಿಂಬ ಬಂದರೆ ಮಿದುಳು ಮಸುಕಾದುದನ್ನು ಕಡೆಗಣಿಸಿಬಿಡುತ್ತದೆ. ಆ ಕಣ್ಣು ನೋಡಲು ಕಲಿಯದೆಯೇ ಉಳಿಯುತ್ತದೆ. ಮುಂದೆ ಎಷ್ಟೇ ಉತ್ತಮ ಕನ್ನಡಕ ಕೊಟ್ಟರೂ ಅದರಿಂದ ಪೂರ್ಣ ದೃಷ್ಟಿ ಸಿಗುವುದಿಲ್ಲ. ಇನ್ನೊಂದು ಕಣ್ಣು ಚೆನ್ನಾಗಿರುವುದರಿಂದ ಮಗು ಆಡುತ್ತದೆ, ಓಡುತ್ತದೆ, ಓದುತ್ತದೆ. ಯಾರಿಗೂ ಅನುಮಾನ ಬಾರದು. ಎಳೆಯ ವಯಸ್ಸಿನಲ್ಲಿಯೇ ಪತ್ತೆಯಾದರೆ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿ, ಸೋಮಾರಿ ಕಣ್ಣನ್ನು ದುಡಿಸಿ ಸರಿಪಡಿಸಬಹುದು. ಆ ಕಾಲ ಮೀರಿತೆಂದರೆ ಚಿಕಿತ್ಸೆಯ ಫಲ ಬಹಳ ಕಡಿಮೆ.

ಮೆಳ್ಳೆಗಣ್ಣನ್ನು ಅದೃಷ್ಟದ ಗುರುತೆನ್ನುವವರಿದ್ದಾರೆ. ದೊಡ್ಡವನಾದ ಮೇಲೆ ತಾನಾಗಿಯೇ ಸರಿಹೋಗುತ್ತದೆ ಎಂದು ಕಾಯುವವರೂ ಇದ್ದಾರೆ. ಮೊದಲ ಕೆಲವು ತಿಂಗಳು ಶಿಶುವಿನ ದೃಷ್ಟಿ ಆಗಾಗ ತಪ್ಪುವುದು ಸಹಜ. ಆರು ತಿಂಗಳಾದ ಮೇಲೂ ಕಣ್ಣು ಓರೆಯಾಗಿದ್ದರೆ ನೇತ್ರತಜ್ಞರಿಗೆ ತೋರಿಸಲೇಬೇಕು. ಸೋಮಾರಿ ಕಣ್ಣಿಗೆ ಮೆಳ್ಳೆಗಣ್ಣು ಒಂದು ಮುಖ್ಯ ಕಾರಣ. ಕಣ್ಣಿನ ಪಾಪೆಯಲ್ಲಿ ಬೆಕ್ಕಿನ ಕಣ್ಣಿನಂತೆ ಬಿಳಿಯ ಹೊಳಪು ಕಂಡರೆ, ಅಥವಾ ಫೋಟೋದಲ್ಲಿ ಒಂದು ಪಾಪೆ ಮಾತ್ರ ಬೆಳ್ಳಗೆ ತೋರಿದರೆ, ಒಂದು ವಾರವೂ ಕಾಯಬಾರದು. ಅದು ಹುಟ್ಟು ಪೊರೆಯಿರಬಹುದು, ಅಕ್ಷಿಪಟಲದ ಕ್ಯಾನ್ಸರ್ ಕೂಡ ಇರಬಹುದು. ಎರಡನೆಯದು ಜೀವಕ್ಕೇ ಅಪಾಯ, ಬೇಗ ಗುರುತಿಸಿದರೆ ಗುಣವಾಗುವಂಥದ್ದು.

ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಮಾತು ಬೇರೆ. 34 ವಾರಕ್ಕಿಂತ ಮೊದಲು ಅಥವಾ ಎರಡು ಕಿಲೋಗ್ರಾಂಗಿಂತ ಕಡಿಮೆ ತೂಕದೊಡನೆ ಹುಟ್ಟಿದ ಶಿಶುವಿನ ಅಕ್ಷಿಪಟಲವನ್ನು ಜನಿಸಿದ 30 ದಿನಗಳೊಳಗೆ ಪರೀಕ್ಷಿಸಬೇಕು. ಅಪಕ್ವ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಅಕ್ಷಿಪಟಲವನ್ನೇ ಕಿತ್ತುಬಿಡುವ ಸಂಭವವಿದೆ. ಗ್ರಾಮಾಂತರದ ನವಜಾತ ಶಿಶು ಘಟಕಗಳಿಗೆ ತಂತ್ರಜ್ಞರೇ ಕ್ಯಾಮೆರಾ ಹೊತ್ತು ಹೋಗಿ, ಚಿತ್ರಗಳನ್ನು ಅಂತರ್ಜಾಲದ ಮೂಲಕ ಬೆಂಗಳೂರಿನ ತಜ್ಞರಿಗೆ ಕಳುಹಿಸುವ ‘ಕಿಡ್‌ರಾಪ್’ ಎಂಬ ಯೋಜನೆ 2008ರಲ್ಲಿ ನಮ್ಮ ರಾಜ್ಯದಲ್ಲಿಯೇ ಆರಂಭವಾಯಿತು. ಆಸ್ಪತ್ರೆಯಿಂದ ಮಗುವನ್ನು ಕರೆತರುವ ಮುನ್ನ ‘ಕಣ್ಣಿನ ಪರೀಕ್ಷೆ ಆಗಿದೆಯೇ?’ ಎಂದು ಕೇಳುವುದನ್ನು ಮರೆಯಬೇಡಿ.

ಆಹಾರ ಮತ್ತು ಬಯಲು

ಮಬ್ಬುಗತ್ತಲಾದ ಕೂಡಲೇ ಮಗು ತಡವರಿಸುತ್ತದೆಯಾದರೆ ಅದು ಇರುಳುಗುರುಡು. ‘ಎ’ ಜೀವಸತ್ವದ ಕೊರತೆ ಇದರ ಪ್ರಧಾನ ಕಾರಣ. ಕೊರತೆ ಮುಂದುವರಿದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವೇ ಒಣಗಿ ಕರಗುತ್ತದೆ. ಆ ಕುರುಡುತನ ಮರಳುವಂಥದ್ದಲ್ಲ. ಮಗುವಿಗೆ ಒಂಬತ್ತನೆಯ ತಿಂಗಳಿನಲ್ಲಿ ದಡಾರದ ಲಸಿಕೆಯೊಡನೆ ‘ಎ’ ಜೀವಸತ್ವದ ಮೊದಲ ಗುಟುಕು ಕೊಡುತ್ತಾರೆ. ಐದು ವರ್ಷ ತುಂಬುವುದರೊಳಗೆ ಒಟ್ಟು ಒಂಬತ್ತು ಗುಟುಕುಗಳು. ತಾಯಿ ಕಾರ್ಡಿನಲ್ಲಿ ಇವನ್ನು ಎಣಿಸಿ ನೋಡಿ.

ಆಹಾರದ ವಿಷಯದಲ್ಲಿ ನಮ್ಮ ಸೀಮೆ ಬಡವಲ್ಲ. ನುಗ್ಗೆಸೊಪ್ಪಿನ ಪಲ್ಯ, ಬೆರಕೆ ಸೊಪ್ಪಿನ ಬಸ್ಸಾರು, ಪರಂಗಿ ಹಣ್ಣು, ಕ್ಯಾರೆಟ್, ಹಾಲು ಎಲ್ಲದರಲ್ಲೂ ಈ ಪೋಷಣೆಯಿದೆ. ಶ್ರೀನಿವಾಸಪುರದ ತೋಪುಗಳ ಪಕ್ವವಾದ ಮಾವಿನ ಹಣ್ಣೂ ಈ ಸಾಲಿನದೇ. ಸೊಪ್ಪಿನ ಸತ್ವ ದೇಹಕ್ಕೆ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಬೇಕು. ಒಂದು ಚಮಚ ಎಣ್ಣೆಯ ಒಗ್ಗರಣೆಯನ್ನು ಬಿಡಬೇಡಿ.

ಇನ್ನು ಮೊಬೈಲು. ಅದರ ಬೆಳಕು ಕಣ್ಣನ್ನು ಸುಟ್ಟುಬಿಡುತ್ತದೆ ಎಂಬ ಭಯ ಅತಿಯಾದುದು. ಹತ್ತಿರದ ವಸ್ತುವನ್ನೇ ಗಂಟೆಗಟ್ಟಲೆ ದಿಟ್ಟಿಸುವುದು ಮತ್ತು ಬಯಲಿನ ಬೆಳಕಿನಿಂದ ವಂಚಿತವಾಗುವುದು, ಇವು ನಿಜವಾದ ತೊಂದರೆಗಳು. ದಿನಕ್ಕೆ ಸುಮಾರು ಎರಡು ಗಂಟೆ ಹೊರಗಿನ ಹಗಲಿನ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ತಲೆದೋರುವುದು ಕಡಿಮೆಯೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಊರ ಬಯಲಿನ ಆಟಕ್ಕೆ ಖರ್ಚಿಲ್ಲ.

ನಲವತ್ತರ ನಂತರ

ನಲವತ್ತು ದಾಟಿದಂತೆ ಕಣ್ಣೊಳಗಿನ ಮಸೂರ ತನ್ನ ಮೃದುತ್ವವನ್ನು ಕಳೆದುಕೊಂಡು ಹತ್ತಿರದ ವಸ್ತುವಿಗೆ ಹೊಂದಿಕೊಳ್ಳಲಾರದಾಗುತ್ತದೆ. ಜನ ಇದನ್ನು ‘ಚಾಳೀಸು’ ಎನ್ನುತ್ತಾರೆ. ಲೇಖನದ ಮೊದಲಲ್ಲಿ ಕೈಯನ್ನು ದೂರ ಒಯ್ದ ಹಿರಿಯರಿಗೆ ಆಗಿರುವುದು ಬಹುಶಃ ಇದೇ. ಇದು ರೋಗವಲ್ಲ. ಆದರೆ ನೂಲು ಬಿಚ್ಚುವವರು, ಹೊಲಿಗೆಯವರು, ಅಕ್ಕಿ ಆರಿಸುವ ತಾಯಂದಿರು ಇದರಿಂದ ತಮ್ಮ ಕಾಯಕವನ್ನೇ ಬಿಡುವ ಸ್ಥಿತಿಗೆ ಬರುವುದುಂಟು. ಓದುವ ಕನ್ನಡಕವೊಂದು ಅವರ ಕೈಗೆ ಕೆಲಸವನ್ನು ಮರಳಿ ಕೊಡುತ್ತದೆ. ಜಾತ್ರೆಯ ಅಂಗಡಿಯಲ್ಲಿ ಕೊಳ್ಳುವ ಬದಲು ಪರೀಕ್ಷೆ ಮಾಡಿಸಿ ಕೊಳ್ಳಿ, ಏಕೆಂದರೆ ಒಳಗೆ ಅಡಗಿರುವ ಬೇರೆ ರೋಗಗಳೂ ಆಗ ಬೆಳಕಿಗೆ ಬರುತ್ತವೆ.

ಮುಂದಿನದು ಪೊರೆ. ಹೆಸರು ಕೇಳಿದರೆ ಕಣ್ಣಿನ ಮೇಲೆ ಏನೋ ಪದರ ಬೆಳೆದಂತೆ ತೋರುತ್ತದೆ. ವಾಸ್ತವವಾಗಿ ಒಳಗಿನ ಮಸೂರವೇ ಪಾರದರ್ಶಕತೆಯನ್ನು ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಯಾವ ಹನಿಯಿಂದಲೂ, ಸೊಪ್ಪಿನ ರಸದಿಂದಲೂ ಅದು ಕರಗದು, ಶಸ್ತ್ರಚಿಕಿತ್ಸೆಯೊಂದೇ ದಾರಿ.

ಈ ದಾರಿಯನ್ನು ಹಳ್ಳಿಗರಿಗೆ ತೆರೆದುಕೊಟ್ಟವರಲ್ಲಿ ಬೀಳಗಿಯಲ್ಲಿ ಜನಿಸಿದ ಡಾ. ಎಂ.ಸಿ. ಮೋದಿಯವರು ಪ್ರಾತಃಸ್ಮರಣೀಯರು. 1943ರಿಂದ ಊರೂರಿಗೆ ಹೋಗಿ ಸಾಮೂಹಿಕ ನೇತ್ರ ಶಿಬಿರಗಳನ್ನು ನಡೆಸಿದ ಅವರು ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆಯಲ್ಲಿ ಸೇರಿದೆ. 1968ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರಿಗೆ ಸಂದಿತು. ಆ ಕಾಲದಲ್ಲಿ ಮಸೂರವನ್ನು ತೆಗೆದು, ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಆದುದರಿಂದ ಪೊರೆ ಪೂರ್ತಿ ‘ಹಣ್ಣಾಗಲಿ’ ಎಂದು ಕಾಯುವುದಕ್ಕೆ ಅರ್ಥವಿತ್ತು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಮೊದಲು ಅಳವಡಿಸಿದ ಕೃತಕ ಮಸೂರ ಇಂದು ನಮ್ಮ ತಾಲ್ಲೂಕಿನ ರೋಗಿಗಳಿಗೂ ದೊರೆಯುತ್ತಿದೆ. ಇಂದು ಪೊರೆ ಹಣ್ಣಾಗುವವರೆಗೆ ಕಾಯಬೇಕಿಲ್ಲ, ಚಳಿಗಾಲಕ್ಕೂ ಕಾಯಬೇಕಿಲ್ಲ. ನಿತ್ಯದ ಕೆಲಸಕ್ಕೆ ತೊಡಕಾದಾಗಲೇ ಮಾಡಿಸಬಹುದು. ಅತಿಯಾಗಿ ಬಲಿತ ಪೊರೆ ಒಡೆದು ಕಣ್ಣಿನ ಒತ್ತಡವನ್ನು ಏರಿಸಬಲ್ಲದು. ಮಸುಕು ಕಣ್ಣಿನ ಹಿರಿಯರು ಹೊಸ್ತಿಲು ಎಡವಿ ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯವೂ ಇದೆ.

ಈಗ ಶಿಬಿರಗಳಲ್ಲಿ ತಪಾಸಣೆ ಮಾತ್ರ ನಡೆಯಬೇಕು. ಶಸ್ತ್ರಚಿಕಿತ್ಸೆ ಆಸ್ಪತ್ರೆಯ ಶುದ್ಧ ಕೊಠಡಿಯಲ್ಲಿಯೇ ಆಗಬೇಕು. ಚಿಕಿತ್ಸೆಯಾದ ಬಳಿಕ ಹೇಳಿದಷ್ಟು ದಿನ ಹನಿ ಹಾಕಿ, ಹೊಗೆ, ಧೂಳು, ತಲೆಸ್ನಾನಗಳಿಂದ ದೂರವಿರಿ. ನೋವು, ಕೆಂಪು, ಮತ್ತೆ ಮಸುಕು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ವೈದ್ಯರ ಬಳಿಗೆ ಹೋಗಿ.

ಮರಳಿ ಬಾರದ ದೃಷ್ಟಿ

ಪೊರೆಯಿಂದ ಹೋದ ದೃಷ್ಟಿ, ಕಣ್ಣಿನ ಉಳಿದ ಭಾಗಗಳು ಆರೋಗ್ಯವಾಗಿದ್ದರೆ, ಮರಳುತ್ತದೆ. ಗ್ಲಾಕೋಮಾದಿಂದ ಹೋದುದು ಮರಳದು. ಕಣ್ಣಿನೊಳಗಿನ ಒತ್ತಡ ದೃಷ್ಟಿನರವನ್ನು ಸದ್ದಿಲ್ಲದೆ ಸವೆಸುತ್ತದೆ. ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ. ಹೆದ್ದಾರಿ ದಾಟುವಾಗ ಪಕ್ಕದಿಂದ ಬಂದ ವಾಹನ ಕಾಣಲಿಲ್ಲ, ಬಾಗಿಲ ಚೌಕಟ್ಟಿಗೆ ಭುಜ ತಾಗಿತು ಎಂಬ ಮಾತುಗಳನ್ನು ಹಗುರವಾಗಿ ಕಾಣಬೇಡಿ. ಒಡಹುಟ್ಟಿದವರಿಗೋ ತಂದೆತಾಯಿಗಳಿಗೋ ಗ್ಲಾಕೋಮಾ ಇದ್ದರೆ ನಲವತ್ತರಿಂದಲೇ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇದರಲ್ಲಿಯೇ ಇನ್ನೊಂದು ಬಗೆ ಹಠಾತ್ತನೆ ಬರುತ್ತದೆ: ಸಹಿಸಲಾಗದ ಕಣ್ಣು ನೋವು, ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆಗಳು. ಇದನ್ನು ‘ಪಿತ್ತ’ವೆಂದು ಮನೆಯಲ್ಲಿಯೇ ಮಲಗಿಸಿದರೆ ಒಂದೆರಡು ದಿನಗಳಲ್ಲಿ ಕಣ್ಣು ಹೋಗಬಹುದು.

ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿ ಅಕ್ಷಿಪಟಲವನ್ನು ಪರೀಕ್ಷಿಸಿಕೊಳ್ಳಬೇಕು. ನೋಟ ಚೆನ್ನಾಗಿದ್ದರೂ ಒಳಗೆ ರಕ್ತನಾಳಗಳು ಸೋರುತ್ತಿರಬಹುದು. ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗುವುದರಿಂದ ಬೈಕಿನಲ್ಲಿ ಒಬ್ಬರೇ ಹೋಗದೆ ಜೊತೆಗೊಬ್ಬರನ್ನು ಕರೆದೊಯ್ಯಿರಿ.

ಹೊಲ, ತೋಪು, ಗೂಡು

ನಮ್ಮ ಕಾಯಕಗಳೂ ಕಣ್ಣಿಗೆ ಅಪಾಯ ತರುತ್ತವೆ. ರಾಗಿ ಒಕ್ಕುವಾಗ ಹಾರುವ ಹೊಟ್ಟು, ಟೊಮೇಟೊ ಗಿಡಕ್ಕೆ ನೆಟ್ಟ ಕಡ್ಡಿಯ ತುದಿ, ಮಾವು ಕೀಳುವಾಗ ಸಿಡಿಯುವ ಸೊನೆ, ಮಾಲೂರಿನ ಇಟ್ಟಿಗೆ ಗೂಡುಗಳ ಬೂದಿ, ಕಲ್ಲು ಒಡೆಯುವಾಗ ಹಾರುವ ಚೂರು, ರೇಷ್ಮೆ ಹುಳುಮನೆ ಶುದ್ಧಿಗೆ ಬಳಸುವ ಫಾರ್ಮಲಿನ್ ಮತ್ತು ಬ್ಲೀಚಿಂಗ್ ಪುಡಿ, ಇವೆಲ್ಲ ಕಣ್ಣಿಗೆ ಬೀಳುವಂಥವು. ಗಿಡಮರದ ಚೂರಿನಿಂದ ಆದ ಗೀರು ಶಿಲೀಂಧ್ರದ ಸೋಂಕಿಗೆ ತಿರುಗಿ ಹುಣ್ಣಾಗುತ್ತದೆ. ಅದಕ್ಕೆ ಎದೆಹಾಲು, ಹರಳೆಣ್ಣೆ, ನಂದಬಟ್ಟಲ ರಸ ಬಿಡುವುದು ತಪ್ಪು. ಔಷಧದ ಅಂಗಡಿಯಲ್ಲಿ ಕೇಳಿ ತಂದ ಹನಿ ಇನ್ನೂ ಅಪಾಯಕರ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದಂತೆ ಕಂಡರೂ ಒಳಗೆ ಹುಣ್ಣು ಹರಡುತ್ತದೆ. ಸುಣ್ಣವೋ ಕೀಟನಾಶಕವೋ ಬಿದ್ದರೆ ಮೊದಲು ಶುದ್ಧ ನೀರಿನಿಂದ ಕನಿಷ್ಠ ಹದಿನೈದು ನಿಮಿಷ ಕಣ್ಣು ತೊಳೆದು, ಆಮೇಲೆ ಆಸ್ಪತ್ರೆಗೆ ಹೊರಡಿ.

ಮನೆಯಲ್ಲಿಯೇ ಒಂದು ಪರೀಕ್ಷೆ

ಗೋಡೆಯ ಕ್ಯಾಲೆಂಡರನ್ನು ಬೆಳಕಿರುವೆಡೆ ತೂಗುಹಾಕಿ. ಸುಮಾರು ಇಪ್ಪತ್ತು ಅಡಿ ದೂರದಲ್ಲಿ ಮಗುವನ್ನು ನಿಲ್ಲಿಸಿ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ ದೊಡ್ಡ ಅಂಕಿಗಳನ್ನು ಓದಿಸಿ. ಬಳಿಕ ಇನ್ನೊಂದು ಕಣ್ಣು. ಎರಡರ ನಡುವೆ ವ್ಯತ್ಯಾಸವಿದ್ದರೆ ಅದೇ ಎಚ್ಚರಿಕೆ. ಅಕ್ಷರ ಬಾರದ ಕೂಸಿಗೆ ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿ. ಒಂದನ್ನು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದಾಗ ಅತ್ತು ಕೈ ತಳ್ಳಿದರೆ ಅನುಮಾನಿಸಬೇಕು. ಹಿರಿಯರಿಗೂ ಇದನ್ನೇ ಮಾಡಿ.

ದೋಷ ಕಂಡರೆ ತಾಲ್ಲೂಕು ಆಸ್ಪತ್ರೆ, ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ, ಟಮಕದ ಜಾಲಪ್ಪ ಆಸ್ಪತ್ರೆ, ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಇವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಬರಬೇಕೆಂಬ ನಿಯಮವಿದೆ. ಆ ದಿನ ಮಗುವನ್ನು ತಪ್ಪದೆ ಕಳುಹಿಸಿ.

ಕೊನೆಯದಾಗಿ ನೇತ್ರದಾನ

ಪಾರದರ್ಶಕ ಪಟಲ ಹುಣ್ಣಾಗಿ ಬೆಳ್ಳಗಾದವರಿಗೆ ಇನ್ನೊಬ್ಬರ ಪಟಲವೇ ಬೆಳಕು. ತನ್ನ ಕಣ್ಣನ್ನು ಶಿವನಿಗೆ ಅರ್ಪಿಸಿದ ಕಣ್ಣಪ್ಪನ ಕಥೆ ನಮ್ಮ ಮನೆಮನೆಗೂ ತಿಳಿದದ್ದು. 1954ರಲ್ಲಿ ತೆರೆಯ ಮೇಲೆ ಆ ಕಣ್ಣಪ್ಪನಾದ ಡಾ. ರಾಜಕುಮಾರ್ ಅವರ ಕಣ್ಣುಗಳನ್ನು 2006ರಲ್ಲಿ ಅವರು ಅಗಲಿದಾಗ ದಾನ ಮಾಡಲಾಯಿತು. 2021ರಲ್ಲಿ ಅವರ ಪುತ್ರ ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು.

ಮರಣದ ಬಳಿಕ ಆರು ಗಂಟೆಗಳೊಳಗೆ ನೇತ್ರಬ್ಯಾಂಕಿನ ತಂಡ ಮನೆಗೇ ಬಂದು, ಅರ್ಧ ಗಂಟೆಯೊಳಗೆ ಕೆಲಸ ಮುಗಿಸುತ್ತದೆ. ಮುಖ ವಿಕಾರವಾಗುವುದಿಲ್ಲ. ವಿಭೂತಿ ಧರಿಸಿ ಕುಳ್ಳಿರಿಸುವುದಕ್ಕೂ ಸಮಾಧಿ ಕ್ರಿಯೆಗೂ ಯಾವ ಅಡ್ಡಿಯೂ ಇಲ್ಲ. ಕನ್ನಡಕ ಧರಿಸಿದವರು, ಪೊರೆ ತೆಗೆಸಿಕೊಂಡವರು, ಸಕ್ಕರೆ ಕಾಯಿಲೆಯವರು ಕೂಡ ದಾನ ಮಾಡಬಹುದು. ತಂಡ ಬರುವವರೆಗೆ ರೆಪ್ಪೆಗಳನ್ನು ಮುಚ್ಚಿ ಒದ್ದೆ ಹತ್ತಿಯಿರಿಸಿ, ತಲೆಗೆ ದಿಂಬು ಕೊಟ್ಟು, ಫ್ಯಾನ್ ನಿಲ್ಲಿಸಿದರೆ ಸಾಕು.

ಈ ಸಂಚಿಕೆಯನ್ನು ಓದಿ ಮಡಿಸುವ ಮುನ್ನ ಸದ್ಭಕ್ತರಲ್ಲಿ ಒಂದು ಬಿನ್ನಹ. ಇಂದೇ ಸಂಜೆ ಮನೆಯ ಮಗುವಿನ ಒಂದು ಕಣ್ಣನ್ನು ಮುಚ್ಚಿಸಿ ಕ್ಯಾಲೆಂಡರನ್ನು ಓದಿಸಿ. ಬಳಿಕ ಅಜ್ಜಿಯ ಬಳಿ ಕುಳಿತು, ‘ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟಿರಲ್ಲ, ಏಕೆ?’ ಎಂದು ಕೇಳಿ. ಅವರು ಹೇಳುವುದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿ.