ಸೀಮೆಸುಣ್ಣದ ಗುರುತು, ಗಾಳಿಯಲ್ಲಿ ಜಾಲ

ಬೆನ್ನಿಗೆ ಬೆನ್ನು ತಾಗಿಸಿದ ಎರಡು ಅರ್ಧವೃತ್ತಗಳು. 2002ರ ಜೂನ್ ತಿಂಗಳಲ್ಲಿ ಲಂಡನ್ನಿನ ವಿನ್ಯಾಸಕಾರ ಮ್ಯಾಟ್ ಜೋನ್ಸ್ ಪ್ರಚಾರಕ್ಕೆ ತಂದ ಈ ಚಿಹ್ನೆಯನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೋ ಕಾಲುದಾರಿಯ ಮೇಲೋ ಬರೆಯಬೇಕಿತ್ತು. ಅದರ ಅರ್ಥ ಇಷ್ಟೆ: ಇಲ್ಲಿ ನಿಂತು ಲ್ಯಾಪ್‌ಟಾಪ್ ತೆರೆದರೆ ಇಂಟರ್‌ನೆಟ್ ಸಿಗುತ್ತದೆ, ಪಾಸ್‌ವರ್ಡ್ ಬೇಕಿಲ್ಲ. ಪೂರ್ಣ ವೃತ್ತವಿದ್ದರೆ, ಜಾಲವಿದೆ ಆದರೆ ಬಾಗಿಲು ಮುಚ್ಚಿದೆ ಎಂದು.

‘ವಾರ್‌ಚಾಕಿಂಗ್’ ಎಂಬ ಈ ಪದ್ಧತಿಗೆ ಸ್ಫೂರ್ತಿ ಅಮೆರಿಕದ ‘ಹೋಬೊ’ಗಳು. ಕೆಲಸ ಹುಡುಕುತ್ತ ಗೂಡ್ಸ್ ರೈಲುಗಳಲ್ಲಿ ಕದ್ದು ಪ್ರಯಾಣಿಸುತ್ತಿದ್ದ ಈ ಅಲೆಮಾರಿ ಕೂಲಿಗಳು ಹಿಂದೆ ಬರುವವರಿಗಾಗಿ ಗೇಟಿನ ಕಂಬದ ಮೇಲೆ ಗುರುತು ಬಿಡುತ್ತಿದ್ದರಂತೆ. ಬೆಕ್ಕಿನ ಚಿತ್ರವಿದ್ದರೆ ಮನೆಯೊಡತಿ ಕರುಣಾಳು ಎಂದರ್ಥ. ಹೊಸ ಗುರುತುಗಳಾದರೋ ಗೋಡೆಗಿಂತ ಪತ್ರಿಕೆಗಳಲ್ಲೇ ಹೆಚ್ಚು ಕಾಣಿಸಿಕೊಂಡವು. ಮಳೆ ಬಂದರೆ ಅಳಿಸಿಹೋಗುವ ಗುರುತು ಯಾರಿಗೆ ಬೇಕು? ಸುತ್ತಲಿನ ಜಾಲಗಳ ಪಟ್ಟಿಯನ್ನು ಲ್ಯಾಪ್‌ಟಾಪೇ ತೋರಿಸುತ್ತಿತ್ತು.

ಅಷ್ಟೊಂದು ಬಾಗಿಲುಗಳು ತೆರೆದಿದ್ದುದಕ್ಕೆ ಕಾರಣ 1985ರಷ್ಟು ಹಿಂದಿದೆ. ರೇಡಿಯೊ ತರಂಗಗಳ ಬಳಕೆಗೆ ಸಾಮಾನ್ಯವಾಗಿ ಸರ್ಕಾರದ ಪರವಾನಗಿ ಬೇಕು. ಆದರೆ 2.4 ಗಿಗಾಹರ್ಟ್ಸ್ ಸುತ್ತಲಿನ ಪಟ್ಟಿ ಮೈಕ್ರೊವೇವ್ ಒಲೆಗಳ ಗದ್ದಲದಿಂದಾಗಿ ಯಾರಿಗೂ ಬೇಡವಾಗಿತ್ತು. ಅದೂ ಸೇರಿದಂತೆ ಮೂರು ಪಟ್ಟಿಗಳನ್ನು ಆ ವರ್ಷ ಅಮೆರಿಕದ ಸಂಪರ್ಕ ಆಯೋಗವು, ಕಡಿಮೆ ಶಕ್ತಿಯ ಉಪಕರಣಗಳಾದರೆ ಯಾರಾದರೂ ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟಿತು. ಊರಿನ ಗೋಮಾಳದ ಹಾಗೆ. ಆ ಬಂಜರಿನಲ್ಲೇ ವೈ-ಫೈ ಬೆಳೆಯಿತು. 1999ರಲ್ಲಿ ಸೆಕೆಂಡಿಗೆ 11 ಮೆಗಾಬಿಟ್ ವೇಗದ ಮಾನದಂಡ ಬಂದ ಮೇಲೆ ಅದು ಮನೆಮನೆಗೂ ಹೊಕ್ಕಿತು. ಭಾರತದಲ್ಲಿ ಹೊರಾಂಗಣ ಬಳಕೆಗೂ ಈ ಪಟ್ಟಿ ಪರವಾನಗಿಮುಕ್ತವಾದದ್ದು 2005ರಲ್ಲಿ.

ತರಂಗಕ್ಕೆ ಕಾಂಪೌಂಡಿನ ಹಂಗಿಲ್ಲ. ಮನೆಯೊಳಗಿನ ಜಾಲ ಬೀದಿಗೂ ಹರಿಯುತ್ತದೆ. ನ್ಯೂಯಾರ್ಕ್, ಸಿಯಾಟಲ್‌ಗಳಲ್ಲಿ ಹವ್ಯಾಸಿ ಗುಂಪುಗಳು ಅರವಟ್ಟಿಗೆಯಂತೆ ಬೇಕೆಂದೇ ಜಾಲಗಳನ್ನು ತೆರೆದಿಟ್ಟಿದ್ದು ನಿಜ. ಆದರೆ ಬಹುಪಾಲು ಔದಾರ್ಯ ಅಜ್ಞಾನದ್ದೇ. ಗ್ರಾಹಕರಿಗೆ ತೊಂದರೆಯಾಗದಿರಲೆಂದು ತಯಾರಕರು ಪಾಸ್‌ವರ್ಡ್ ಇಲ್ಲದೆಯೇ ಪೆಟ್ಟಿಗೆಗಳನ್ನು ಮಾರುತ್ತಿದ್ದರು. ಕೊಂಡವರು ಹಾಗೆಯೇ ಬಿಡುತ್ತಿದ್ದರು.

ಹೀಗೆ ಸಿಕ್ಕಿದ್ದನ್ನು ಬಳಸುವುದು ಆತಿಥ್ಯವೋ ಕಳ್ಳತನವೋ? 2007ರಲ್ಲಿ ಮಿಷಿಗನ್ ರಾಜ್ಯದ ಸ್ಪಾರ್ಟಾ ಎಂಬ ಪಟ್ಟಣದಲ್ಲಿ ಒಬ್ಬಾತ ಕಾಫಿ ಅಂಗಡಿಯ ಎದುರು ಕಾರಿನಲ್ಲಿ ಕುಳಿತು ಅಲ್ಲಿನ ವೈ-ಫೈಯಲ್ಲಿ ಇ-ಮೇಲ್ ನೋಡುತ್ತಿದ್ದ. 400 ಡಾಲರ್ ದಂಡ, 40 ಗಂಟೆ ಸಮುದಾಯ ಸೇವೆ ಅವನ ಪಾಲಿಗೆ ಬಂತು. ಅಂಗಡಿಯವರು ದೂರು ಕೊಟ್ಟೇ ಇರಲಿಲ್ಲ.

ಮುಂದೆ ಅತಿಥಿಗಿಂತ ಆತಿಥೇಯನಿಗೇ ಭಯ ಹುಟ್ಟಿತು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಕ್ಕೆ ಕೆಲವೇ ನಿಮಿಷ ಮುಂಚೆ ಹೊರಟ ಬೆದರಿಕೆಯ ಇ-ಮೇಲಿನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವೀ ಮುಂಬಯಿಯ ಒಂದು ಫ್ಲ್ಯಾಟ್‌ಗೆ. ಅಲ್ಲಿದ್ದ ಅಮೆರಿಕನ್ ಪ್ರಜೆಯ ವೈ-ಫೈಗೆ ಬೀಗವಿರಲಿಲ್ಲ. ಯಾರೋ ಅದನ್ನು ಬಳಸಿಕೊಂಡಿದ್ದರು. 2009ರಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ, ಬಳಸುವವರ ಗುರುತು ದೃಢಪಡದೆ ವೈ-ಫೈ ಕೊಡಕೂಡದೆಂದು ನಿರ್ದೇಶಿಸಿತು. ಜರ್ಮನಿಯ ಕಥೆ ಬೇರೆಯೇ. ಮನೆಯಾತ ರಜೆಗೆ ಹೋಗಿದ್ದಾಗ ಅವನ ಜಾಲದ ಮೂಲಕ ಯಾರೋ ಹಾಡೊಂದನ್ನು ಹಂಚಿದ್ದರು. ಬೀಗ ಭದ್ರವಾಗಿಲ್ಲದಿದ್ದರೆ ಹೊಣೆ ಅವನದೂ ಹೌದೆಂದು 2010ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ ಹೇಳಿತು. ಕಾನೂನು ಸಡಿಲವಾಗಲು 2017 ಬರಬೇಕಾಯಿತು.

ಪ್ರಯಾಣಿಕನ ಅಪಾಯವೂ ಸಣ್ಣದಾಗಿರಲಿಲ್ಲ. 2010ರ ‘ಫೈರ್‌ಶೀಪ್’ ಎಂಬ ಪುಟ್ಟ ತಂತ್ರಾಂಶವಿದ್ದರೆ, ಅದೇ ಜಾಲದಲ್ಲಿದ್ದ ಪಕ್ಕದ ಮೇಜಿನವರ ಫೇಸ್‌ಬುಕ್ ಖಾತೆಯೊಳಗೆ ನುಸುಳಬಹುದಿತ್ತು. ಆ ಬಳಿಕ ಜಾಲತಾಣಗಳೇ ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸತೊಡಗಿದವು. ಈಗ ಕದ್ದು ಕೇಳುವವನಿಗೆ ಸಿಗುವುದು ಅಲ್ಪ, ನಕಲಿ ಹೆಸರಿನ ಜಾಲ ಹೂಡಿ ವಂಚಿಸುವವರು ಮಾತ್ರ ಇದ್ದಾರೆ. ವಿಚಿತ್ರವೆಂದರೆ, ತೆರೆದ ಜಾಲ ಪ್ರಯಾಣಿಕನಿಗೆ ಸುರಕ್ಷಿತವಾಗುತ್ತ ಬಂದ ಕಾಲಕ್ಕೇ ತೆರೆದ ಬಾಗಿಲುಗಳು ಅಪರೂಪವಾದವು.

ಉಚಿತ ವೈ-ಫೈ ಈಗಲೂ ಇದೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ 2014ರಲ್ಲಿ, ಮುಂಬಯಿ ಸೆಂಟ್ರಲ್ ರೈಲು ನಿಲ್ದಾಣದಲ್ಲಿ 2016ರಲ್ಲಿ ಅದು ಆರಂಭವಾಯಿತು. ಆದರೆ ನಿಲ್ದಾಣದಲ್ಲಿ ಲ್ಯಾಪ್‌ಟಾಪ್ ತೆರೆದವರು ಮೊದಲು ಮೊಬೈಲ್ ಸಂಖ್ಯೆ ಕೊಟ್ಟು, ಅದಕ್ಕೆ ಬರುವ ಒಟಿಪಿಗಾಗಿ ಕಾಯಬೇಕು.