ಬಾರದವರ ಲೆಕ್ಕ

ಹತ್ತು ಮಂದಿ ಒಂದೇ ದಿನ ಎಚ್‌ಐವಿ ಚಿಕಿತ್ಸೆ ಶುರು ಮಾಡಿದರು ಎಂದಿಟ್ಟುಕೊಳ್ಳಿ. ಮೂರನೇ ತಿಂಗಳು ಒಬ್ಬರು ತೀರಿಕೊಂಡರು. ಐದನೇ ತಿಂಗಳು ಇಬ್ಬರು ಮಾತ್ರೆ ಪಡೆಯಲು ಬರಲಿಲ್ಲ. ಒಬ್ಬರು ಬೆಂಗಳೂರಿನ ಬನಶಂಕರಿಯ ಬಾಡಿಗೆ ಮನೆ ಖಾಲಿ ಮಾಡಿದ್ದರು, ಇನ್ನೊಬ್ಬರು ಬಿಟಿಎಂ ಲೇಔಟ್‌ನ ಪಿಜಿ ಬಿಟ್ಟಿದ್ದರು. ಇಬ್ಬರ ಫೋನೂ ಸ್ವಿಚ್ ಆಫ್. ಎಂಟನೇ ತಿಂಗಳು ಮತ್ತೊಂದು ಸಾವು. ವರ್ಷದ ಕೊನೆಗೆ ಬದುಕುಳಿದವರು ಶೇಕಡ ಎಷ್ಟು?

ಬಾರದವರಿಬ್ಬರೂ ಬದುಕಿದ್ದಾರೆ ಎಂದರೆ 80. ಸತ್ತರು ಎಂದರೆ 60. ಅವರ ಹೆಸರನ್ನೇ ಹೊಡೆದುಹಾಕಿದರೆ 75. ರಿಜಿಸ್ಟರ್ ಒಂದೇ, ಉತ್ತರ ಮೂರು.

ಈ ಕಗ್ಗಂಟು ಬಿಡಿಸಿದ ಸೂತ್ರ 1958ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಪಾಲ್ ಮೇಯರ್ ಕ್ಯಾನ್ಸರ್ ರೋಗಿಗಳ ಬಗ್ಗೆ ಯೋಚಿಸುತ್ತಿದ್ದರು. ಎಡ್ವರ್ಡ್ ಕಪ್ಲಾನ್ ಸಮುದ್ರದಡಿಯ ಟೆಲಿಫೋನ್ ಕೇಬಲ್‌ನಲ್ಲಿ ಬಳಸುವ ನಿರ್ವಾತ ನಳಿಕೆಗಳ ಆಯುಷ್ಯದ ಬಗ್ಗೆ. ಬೇರೆ ಬೇರೆಯಾಗಿ ಬರೆದ ಇಬ್ಬರೂ ಕೊನೆಗೆ ಒಂದೇ ಪ್ರಬಂಧಕ್ಕೆ ಸಹಿ ಹಾಕಿದರು. ಅವರ ಉಪಾಯ ಸರಳ: ಇದ್ದಷ್ಟು ದಿನ ವ್ಯಕ್ತಿಯನ್ನು ಲೆಕ್ಕಕ್ಕೆ ಹಿಡಿ, ಕಾಣೆಯಾದ ದಿನ ಗೌರವದಿಂದ ಬಿಟ್ಟುಕೊಡು. ಮೂರನೇ ತಿಂಗಳು ಹತ್ತರಲ್ಲಿ ಒಂಬತ್ತು ಮಂದಿ ಉಳಿದರು. ಎಂಟನೇ ತಿಂಗಳು ಕಣ್ಣೆದುರು ಇದ್ದವರು ಏಳೇ ಜನ, ಉಳಿದದ್ದು ಆರು. ಎರಡು ಭಿನ್ನರಾಶಿಗಳನ್ನು ಗುಣಿಸಿದರೆ ಸುಮಾರು ಶೇ 77. 1972ರಲ್ಲಿ ಬ್ರಿಟನ್ನಿನ ಡೇವಿಡ್ ಕಾಕ್ಸ್ ಇನ್ನೊಂದು ಹೆಜ್ಜೆ ಇಟ್ಟರು. ವಯಸ್ಸು, ಸಿಡಿ4 (ರೋಗನಿರೋಧಕ ಕಣಗಳ) ಎಣಿಕೆ, ಚಿಕಿತ್ಸಾ ಕ್ರಮ ಇವುಗಳಲ್ಲಿ ಯಾವುದು ಅಪಾಯವನ್ನು ಎಷ್ಟು ಪಟ್ಟು ಏರಿಳಿಸುತ್ತದೆ ಎಂದು ಅಳೆಯುವ ದಾರಿ ತೋರಿಸಿದರು.

ಮಡಿವಾಳದ ಆಚೆ

ಬಿಟಿಎಂ ಲೇಔಟ್‌ನಿಂದ ಮಡಿವಾಳ ದಾಟಿದರೆ ಸೇಂಟ್ ಜಾನ್ಸ್ ಆಸ್ಪತ್ರೆ. ಆಗ ಅಲ್ಲಿದ್ದ ಡಾ. ಅನಿತಾ ಶೇಟ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಮೂರು ಕೇಂದ್ರಗಳಲ್ಲಿ, ಹೊಸದಾಗಿ ಚಿಕಿತ್ಸೆ ಆರಂಭಿಸಿದ 631 ಮಂದಿಯನ್ನು 96 ವಾರ ಹಿಂಬಾಲಿಸಿದರು. ಅರ್ಧದಷ್ಟು ಜನರಿಗೆ ವಾರಕ್ಕೊಮ್ಮೆ ಮೊಬೈಲ್‌ನಲ್ಲಿ ನೆನಪಿನ ಕರೆ ಮತ್ತು ಚಿತ್ರಸಂದೇಶ. ಉಳಿದವರಿಗೆ ಎಂದಿನ ಆರೈಕೆ. ರಕ್ತದಲ್ಲಿ ವೈರಾಣು ಮತ್ತೆ ತಲೆಯೆತ್ತಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದೇ ಮುಖ್ಯ ಪ್ರಶ್ನೆ, ಮೇಲಿನ ಸೂತ್ರಗಳು ಉತ್ತರಿಸುವಂಥದ್ದೇ. ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಎರಡು ಗುಂಪುಗಳ ಅಪಾಯದ ಅನುಪಾತ 0.98, ಅಂದರೆ ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಫೋನ್ ಕರೆ ಮಾಡಿದರೆ ಸಾಕು ಎಂಬ ನಂಬಿಕೆಯನ್ನು ಲೆಕ್ಕ ಒಪ್ಪಲಿಲ್ಲ. ಹಾಗೆ ಒಪ್ಪದಿರುವುದೂ ಲೆಕ್ಕ ಮಾಡುವ ಉಪಕಾರವೇ.

ಸೂತ್ರದ ತೂತು

ಕಪ್ಲಾನ್–ಮೇಯರ್ ಸೂತ್ರದ ಬುಡದಲ್ಲಿ ಒಂದು ನಂಬಿಕೆಯಿದೆ: ಕಾಣೆಯಾದವರ ಪಾಡು ಉಳಿದವರ ಪಾಡಿನಂತೆಯೇ ಇರುತ್ತದೆ. ಎಚ್‌ಐವಿಯಲ್ಲಿ ಇದು ಎಷ್ಟೋ ಸಲ ಸುಳ್ಳಾಗುತ್ತದೆ. ಕೆಲವರು ಊರು ಬಿಟ್ಟಿರುತ್ತಾರೆ, ಕೆಲವರು ಪರಿಚಿತರ ಕಣ್ಣಿಗೆ ಬಿದ್ದೇವೆಂದು ದೂರದ ಕೇಂದ್ರ ಹುಡುಕಿಕೊಂಡಿರುತ್ತಾರೆ, ಕೆಲವರು ಸತ್ತೇ ಹೋಗಿರುತ್ತಾರೆ. ಎಚ್‌ಐವಿ ಚಿಕಿತ್ಸೆ ನೀಡುವ ಎಆರ್‌ಟಿ ಕೇಂದ್ರದ ಭಾಷೆಯಲ್ಲಿ ಮಾತ್ರ ಎಲ್ಲರೂ ‘ಎಲ್‌ಎಫ್‌ಯು’ (ಲಾಸ್ಟ್ ಟು ಫಾಲೋ-ಅಪ್, ಅಂದರೆ ಸಂಪರ್ಕ ತಪ್ಪಿದವರು). ಉಗಾಂಡದ ಎಂಬರಾರಾದಲ್ಲಿ ಸಂಶೋಧಕರು ಕಾಣೆಯಾದವರ ಪೈಕಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ, ಮನೆ ಹುಡುಕಿಸಿದರು. ಆ ಉತ್ತರಗಳನ್ನು ಸೇರಿಸಿದಾಗ ಸಾವಿನ ಅಂದಾಜು ಹಲವು ಪಟ್ಟು ಏರಿತು. ಕಂಪ್ಯೂಟರಿನ ಕೈಲಾಗದ ಕೆಲಸವನ್ನು ಬಾಗಿಲು ತಟ್ಟಿದ ಕಾರ್ಯಕರ್ತ ಮಾಡಿದ.

ಭಾರತ ಸರ್ಕಾರ 2004ರ ಏಪ್ರಿಲ್ 1ರಂದು ಉಚಿತ ಎಆರ್‌ಟಿ ಆರಂಭಿಸಿತು. 2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ. ಮಾತ್ರೆ ಇದೆ, ಸೂತ್ರವೂ ಇದೆ. ಕೊರತೆ ಇರುವುದು ಬಾರದವರ ಸುದ್ದಿಗೆ. ಆದ್ದರಿಂದ ಬದುಕುಳಿದವರ ಶೇಕಡಾವಾರು ಎಲ್ಲೇ ಓದಿದರೂ ಕೇಳಬೇಕಾದ ಮೊದಲ ಪ್ರಶ್ನೆ: ಕಾಣೆಯಾದವರನ್ನು ಎಲ್ಲಿ ಸೇರಿಸಿದ್ದೀರಿ?

ಚಿಕಿತ್ಸೆಯಲ್ಲಿರುವವರಿಗೊಂದು ಮಾತು. ಮನೆ ಬದಲಿಸಿದರೆ ಮಾತ್ರೆ ಬಿಡಬೇಡಿ. ನಿಮ್ಮ ಕೇಂದ್ರದಲ್ಲಿ ಕೇಳಿ ಹೊಸ ಜಾಗದ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಿ. ನಿಮ್ಮ ಗುಟ್ಟು ಕಾಯಲು 2017ರ ಎಚ್‌ಐವಿ–ಏಡ್ಸ್ ಕಾಯ್ದೆ ಇದೆ. ದಾರಿ ತಿಳಿಯದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಶುಲ್ಕವಿಲ್ಲ.